ಹಾಫಿಜ್‌ಜೀ, ಸೂರದಾಸ, ಗವಾಯಿ: ಅಂಧರು ಶಾಲೆಯಿಂದ ದುಡಿಮೆಗೆ ನಡೆದ ದಾರಿ

ಉರ್ದು ಮಾತಾಡುವವರಲ್ಲಿ ಒಂದು ಹಳೆಯ ರೂಢಿಯಿದೆ. ಎದುರಿಗೆ ಬಂದ ಅಂಧ ವ್ಯಕ್ತಿ ಕುರ್‌ಆನನ್ನು ಕಂಠಪಾಠ ಮಾಡಿರಲಿ, ಮಾಡದಿರಲಿ, ಅವನನ್ನು ‘ಹಾಫಿಜ್‌ಜೀ’ ಎಂದು ಕರೆಯುತ್ತಾರೆ. ಹಿಂದಿ ಸೀಮೆಯಲ್ಲಿ ಅದೇ ವ್ಯಕ್ತಿ ‘ಸೂರದಾಸ್’ ಆಗುತ್ತಾನೆ. ಅವನಿಗೆ ಹಾಡಲು ಬರುತ್ತದೆಯೋ ಇಲ್ಲವೋ ಎಂದು ಯಾರೂ ಕೇಳುವುದಿಲ್ಲ. ನಮ್ಮ ಉತ್ತರ ಕರ್ನಾಟಕದಲ್ಲಿ ‘ಗವಾಯಿ’ ಎಂಬ ಮಾತು ಕಿವಿಗೆ ಬಿದ್ದರೆ ಗದಗಿನ ಅಂಧ ಸಂಗೀತಗಾರರ ನೆನಪಾಗುತ್ತದೆ. ಕುರುಡ ಎಂಬ ಒರಟು ಮಾತನ್ನು ಮುಖದೆದುರು ಆಡಬಾರದೆಂಬ ಸೌಜನ್ಯ ಈ ಹೆಸರುಗಳ ಹಿಂದಿದೆ. ಹಾಗೆಯೇ ಒಂದು ತೀರ್ಪೂ ಇದೆ. ಕಣ್ಣಿಲ್ಲದವನು ಓದಿ ಒಪ್ಪಿಸಬೇಕು ಇಲ್ಲವೇ ಹಾಡಬೇಕು. ಬೇರೆ ಕೆಲಸ ಅವನಿಂದಾಗದು ಎಂಬ ತೀರ್ಪು ಅದು.

ಅಂಧ ಮಕ್ಕಳ ಶಿಕ್ಷಣದ ಚರಿತ್ರೆಯನ್ನು ಬರೆದವರು ಹೆಚ್ಚಾಗಿ ಶಾಲೆಗಳ ಚರಿತ್ರೆಯನ್ನು ಬರೆದಿದ್ದಾರೆ. ಯಾವ ಊರಿನಲ್ಲಿ ಯಾವ ಇಸವಿಯಲ್ಲಿ ಯಾರು ಶಾಲೆ ತೆರೆದರು ಎಂಬುದು ಅಲ್ಲಿ ಸಿಗುತ್ತದೆ. ಆ ಮಕ್ಕಳು ಹದಿನೆಂಟು ವರ್ಷ ತುಂಬಿ ಶಾಲೆಯ ಗೇಟು ದಾಟಿದ ಮೇಲೆ ಎಲ್ಲಿಗೆ ಹೋದರು, ಯಾರು ಕೆಲಸ ಕೊಟ್ಟರು, ಎಷ್ಟು ಕಾಲ ಆ ಕೆಲಸ ಉಳಿಯಿತು ಎಂಬ ಪ್ರಶ್ನೆಗಳನ್ನು ಕೇಳಿದರೆ ಚರಿತ್ರೆಯ ಬಣ್ಣವೇ ಬದಲಾಗುತ್ತದೆ. ನಾವು ಇಲ್ಲಿ ಆ ಪ್ರಶ್ನೆಗಳನ್ನು ಹಿಡಿದುಕೊಂಡು ಸ್ವಲ್ಪ ದೂರ ನಡೆದು ನೋಡಬೇಕೆಂದಿದ್ದೇವೆ. ದೈಹಿಕ, ಶ್ರವಣ ಅಥವಾ ಬೌದ್ಧಿಕ ಊನವಿರುವ ಮಕ್ಕಳ ಕತೆ ಇದಕ್ಕಿಂತ ತೀರ ಬೇರೆಯದೇನಲ್ಲ. ಅಂಧರ ದಾಖಲೆ ಹೆಚ್ಚು ಹಳೆಯದಾದ್ದರಿಂದ ಅದನ್ನೇ ಆಯ್ದುಕೊಂಡಿದ್ದೇವೆ.

ಮದೀನಾದಿಂದ ಕೈರೋವರೆಗೆ

ಪ್ರವಾದಿ(ಸ)ಯವರ ಸಂಗಾತಿಗಳಲ್ಲಿ ಅಬ್ದುಲ್ಲಾ ಇಬ್ನ್ ಉಮ್ಮಿ ಮಕ್ತೂಮ್(ರ) ಅಂಧರಾಗಿದ್ದರು. ಮಕ್ಕಾದ ಪ್ರಮುಖರೊಡನೆ ಪ್ರವಾದಿಯವರು ಮಾತಾಡುತ್ತಿದ್ದಾಗ ಅವರು ನಡುವೆ ಬಂದದ್ದು, ಆ ಹೊತ್ತಿನಲ್ಲಿ ಅವರನ್ನು ಕಡೆಗಣಿಸಿದ್ದಕ್ಕೆ ಕುರ್‌ಆನಿನ ಎಂಬತ್ತನೆಯ ಅಧ್ಯಾಯದ ಮೂಲಕ ಎಚ್ಚರಿಕೆ ಬಂದದ್ದು ಮುಸ್ಲಿಮ್ ಮನೆಗಳ ಮಕ್ಕಳಿಗೂ ಗೊತ್ತು. ಈ ಘಟನೆಯನ್ನು ನಮ್ಮ ಪ್ರವಚನಗಳಲ್ಲಿ ಕರುಣೆಯ ಪಾಠವಾಗಿ ಹೇಳುತ್ತಾರೆ. ಮುಂದೆ ಮದೀನಾದಲ್ಲಿ ಏನಾಯಿತೆಂಬುದಕ್ಕೆ ಅಷ್ಟು ಒತ್ತು ಸಿಗುವುದಿಲ್ಲ. ಬಿಲಾಲ್(ರ)ರ ಜೊತೆಗೆ ಅವರೂ ಅಜಾನ್ ಕೊಡುವವರಾಗಿ ನೇಮಕವಾದರು. ಪ್ರವಾದಿಯವರು ಮದೀನಾದಿಂದ ಹೊರಗೆ ಹೋದಾಗ ನಮಾಜಿನ ಮುಂದಾಳ್ತನವನ್ನು ಒಂದಕ್ಕಿಂತ ಹೆಚ್ಚು ಸಲ ಅವರಿಗೆ ವಹಿಸಿದ್ದರು. ಕಾದಿಸಿಯಾ ಯುದ್ಧದಲ್ಲಿ ಬಾವುಟ ಹಿಡಿದು ನಿಂತಿದ್ದರೆಂದು ಪರಂಪರೆ ಹೇಳುತ್ತದೆ. ಅವರಿಗೆ ಸಿಕ್ಕಿದ್ದು ಅನುಕಂಪಕ್ಕಿಂತ ದೊಡ್ಡದು. ಊರಿನ ಹೊಣೆಯೇ ಸಿಕ್ಕಿತು.

ಉಮಯ್ಯಾ ಖಲೀಫರಲ್ಲಿ ಒಂದನೆಯ ವಲೀದ್ (ಆಳ್ವಿಕೆ 705–715) ಕುಷ್ಠರೋಗಿಗಳಿಗೆ ವೇತನ ಗೊತ್ತುಮಾಡಿ, ನಡೆಯಲಾರದವರಿಗೆ ಒಬ್ಬ ಸೇವಕನನ್ನೂ ಕಣ್ಣಿಲ್ಲದವರಿಗೆ ದಾರಿ ತೋರುವ ಒಬ್ಬನನ್ನೂ ಕೊಟ್ಟನೆಂದು ಇತಿಹಾಸಕಾರ ತಬರಿ ದಾಖಲಿಸಿದ್ದಾನೆ. ಸಿರಿಯಾದ ಕವಿ ಅಬುಲ್ ಅಲಾ ಅಲ್ ಮಅರ್ರಿ (973–1057) ನಾಲ್ಕನೆಯ ವಯಸ್ಸಿನಲ್ಲಿ ಸಿಡುಬಿನಿಂದ ಕಣ್ಣು ಕಳೆದುಕೊಂಡವನು. ಹದಿನಾಲ್ಕನೆಯ ಶತಮಾನದಲ್ಲಿ ಸಫದಿ ಎಂಬ ವಿದ್ವಾಂಸ ಅಂಧ ಗಣ್ಯರ ಜೀವನಚರಿತ್ರೆಗಳನ್ನೇ ಸಂಗ್ರಹಿಸಿ ಒಂದು ಕೋಶ ರಚಿಸಿದ. ಅದರಲ್ಲಿ ನೂರಾರು ಹೆಸರುಗಳಿವೆ. ಅಂದರೆ ಅಂಧರು ಆ ಸಮಾಜದ ಕಣ್ಣಿಗೆ ಬೀಳದೆ ಮರೆಯಲ್ಲಿ ಇದ್ದವರಲ್ಲ.

ಆದರೆ ಕಾಲ ಕಳೆದಂತೆ ದಾರಿ ಕಿರಿದಾಯಿತು. ಕೈರೋದ ಅಲ್ ಅಜ್‌ಹರ್‌ನಲ್ಲಿ ಅಂಧ ವಿದ್ಯಾರ್ಥಿಗಳಿಗೆಂದೇ ಒಂದು ನೆಲೆ ಇತ್ತು. ಈಜಿಪ್ಟಿನ ಹಳ್ಳಿಗಳಲ್ಲಿ ಕಣ್ಣು ಕಳೆದುಕೊಂಡ ಹುಡುಗನನ್ನು ಕುರ್‌ಆನ್ ಕಲಿಸುವ ಮಕ್ತಬಕ್ಕೆ ಕಳಿಸುವುದು, ಅಲ್ಲಿಂದ ಅವನು ಸಾವಿನ ಮನೆಗಳಲ್ಲಿ, ಉತ್ಸವಗಳಲ್ಲಿ ಪಾರಾಯಣ ಮಾಡಿ ಬದುಕುವುದು, ಬುದ್ಧಿವಂತನಾದರೆ ಅಜ್‌ಹರ್ ಸೇರುವುದು. ಇದೇ ಗೊತ್ತಾದ ದಾರಿ. 1889ರಲ್ಲಿ ಹುಟ್ಟಿದ ತಾಹಾ ಹುಸೇನ್ ಈ ದಾರಿಯಲ್ಲೇ ಹೊರಟರು. ಎಳೆತನದಲ್ಲಿ ಕಣ್ಣುಬೇನೆಗೆ ಸರಿಯಾದ ಚಿಕಿತ್ಸೆ ಸಿಗದೆ ದೃಷ್ಟಿ ಹೋಗಿತ್ತು. 1902ರಲ್ಲಿ ಅಜ್‌ಹರ್ ಸೇರಿದರು. ಅಲ್ಲಿಗೆ ಅವರ ಕತೆ ಮುಗಿಯಬೇಕಿತ್ತು. ಆದರೆ 1908ರಲ್ಲಿ ಕೈರೋದಲ್ಲಿ ಹೊಸ ವಿಶ್ವವಿದ್ಯಾಲಯ ಆರಂಭವಾದಾಗ ಅದರ ಬಾಗಿಲು ಅವರಿಗೂ ತೆರೆದಿತ್ತು. 1914ರಲ್ಲಿ ಅವರು ಅದೇ ಅಂಧ ಕವಿ ಮಅರ್ರಿಯ ಮೇಲೆ ಪ್ರಬಂಧ ಬರೆದು ಡಾಕ್ಟರೇಟ್ ಪಡೆದರು. ಬಳಿಕ ಫ್ರಾನ್ಸಿನಲ್ಲಿ ಇಬ್ನ್ ಖಲ್ದೂನನ ಮೇಲೆ ಇನ್ನೊಂದನ್ನು ಬರೆದರು. 1950ರಲ್ಲಿ ಈಜಿಪ್ಟಿನ ಶಿಕ್ಷಣ ಸಚಿವರಾದರು. ಪ್ರತಿಭೆಯ ಜೊತೆಗೆ ಮೂರು ಸಂಗತಿಗಳು ಅವರಿಗೆ ಒದಗಿದ್ದವು: ಬೇರೆ ಬಗೆಯ ವಿದ್ಯೆ ಕಲಿಸುವ ಒಂದು ಸಂಸ್ಥೆ, ಪುಸ್ತಕ ಓದಿ ಹೇಳುವ ಒಬ್ಬರು, ಕಲಿತ ಮೇಲೆ ಕಾದಿರುವ ಒಂದು ಕೆಲಸ. ಫ್ರಾನ್ಸಿನಲ್ಲಿ ಅವರಿಗೆ ಓದಿ ಹೇಳುತ್ತಿದ್ದ ಸುಜಾನ್ ಮುಂದೆ ಅವರ ಪತ್ನಿಯಾದರು. ಈ ಮೂರರಲ್ಲಿ ಒಂದು ತಪ್ಪಿದ್ದರೂ ಇನ್ನೊಬ್ಬ ಹಳ್ಳಿಯ ‘ಹಾಫಿಜ್‌ಜೀ’ ನಮಗೆ ಉಳಿಯುತ್ತಿದ್ದ.

ತಾಹಾ ಹುಸೇನರು ಓದಲು ಹೋದ ಅದೇ ಫ್ರಾನ್ಸಿನಲ್ಲಿ ಅಂಧರ ಆಧುನಿಕ ಶಾಲೆ ಹುಟ್ಟಿ ಆಗಲೇ ನೂರು ವರ್ಷಕ್ಕೂ ಮೇಲಾಗಿತ್ತು. ಆ ಶಾಲೆಯ ಆರಂಭದ ಕತೆಯನ್ನು ಸ್ವಲ್ಪ ನೋಡಬೇಕು.

ಭಿಕ್ಷೆಯ ಲೆಕ್ಕದಿಂದ ಆರಂಭವಾದ ಶಾಲೆ

1771ರಲ್ಲಿ ಪ್ಯಾರಿಸ್ಸಿನ ಒಂದು ಜಾತ್ರೆಯಲ್ಲಿ ಕೆಲವು ಅಂಧರನ್ನು ಕೋಡಂಗಿ ಟೊಪ್ಪಿಗೆ, ಗಾಜಿಲ್ಲದ ಕನ್ನಡಕ ತೊಡಿಸಿ ಕೂರಿಸಿದ್ದರು. ಅವರು ಅಪಸ್ವರದಲ್ಲಿ ವಾದ್ಯ ಬಾರಿಸುತ್ತಿದ್ದರೆ ಸುತ್ತ ನೆರೆದವರು ನಗುತ್ತಿದ್ದರು. ಅದನ್ನು ನೋಡಿ ಮನಸ್ಸು ಕದಡಿದವರಲ್ಲಿ ವ್ಯಾಲೆಂಟಿನ್ ಹಾವುಯಿ ಎಂಬಾತ ಒಬ್ಬ. ಸುಮಾರು ಹದಿಮೂರು ವರ್ಷಗಳ ಮೇಲೆ ಅವನು ಅಂಧರಿಗೆ ಓದು ಕಲಿಸುವ ಪ್ರಯತ್ನಕ್ಕೆ ಕೈಹಾಕಿದ. ಮೊದಲ ಶಿಷ್ಯನಾಗಿ ಸಿಕ್ಕಿದ್ದು ಚರ್ಚಿನ ಬಾಗಿಲಲ್ಲಿ ಬೇಡುತ್ತಿದ್ದ ಲೆಸ್ಯೂರ್ ಎಂಬ ಹುಡುಗ. ಅವನ ಭಿಕ್ಷೆಯಿಂದ ಮನೆ ನಡೆಯುತ್ತಿತ್ತು. ಪಾಠಕ್ಕೆ ಕುಳಿತರೆ ಆ ದಿನದ ಗಳಿಕೆ ಹೋಗುತ್ತದೆ. ಹಾವುಯಿ ಆ ನಷ್ಟವನ್ನು ತಾನೇ ತುಂಬಿಕೊಡುವುದಾಗಿ ಒಪ್ಪಿದ ಮೇಲೆ ಹುಡುಗ ಕಲಿಯಲು ಬಂದ. ಜಗತ್ತಿನ ಮೊದಲ ಅಂಧ ಶಾಲೆಯ ಮೊದಲ ದಿನವೇ ಎದುರಾದ ಪ್ರಶ್ನೆ ಹೊಟ್ಟೆಪಾಡಿನದು. ಈ ಸಂಗತಿಯನ್ನು ನಾವು ಮರೆಯಬಾರದು.

ಈ ಶಾಲೆಗೆ 1819ರಲ್ಲಿ ಹತ್ತು ವರ್ಷದ ಲೂಯಿ ಬ್ರೈಲ್ ಬಂದ. ಕುದುರೆಯ ಜೀನು ಹೊಲಿಯುತ್ತಿದ್ದ ತಂದೆಯ ಅಂಗಡಿಯಲ್ಲಿ ಮೂರನೆಯ ವಯಸ್ಸಿಗೆ ದಬ್ಬಳ ಚುಚ್ಚಿ ಕಣ್ಣು ಕಳೆದುಕೊಂಡಿದ್ದವನು. ಅವನು ರೂಪಿಸಿದ ಆರು ಚುಕ್ಕೆಗಳ ಲಿಪಿ 1829ರಲ್ಲಿ ಪ್ರಕಟವಾಯಿತು. ಆ ಲಿಪಿಯ ಕತೆ ಎಲ್ಲರಿಗೂ ಗೊತ್ತು. ಅದೇ ಶಾಲೆಯ ಇನ್ನೊಬ್ಬ ಅಂಧ, ಕ್ಲೋಡ್ ಮೊಂಟಾಲ್‌ನ ಹೆಸರು ಅಷ್ಟು ಪರಿಚಿತವಲ್ಲ. ಶಾಲೆಯ ಪಿಯಾನೊವನ್ನು ಬಿಚ್ಚಿ, ಜೋಡಿಸಿ, ಶ್ರುತಿ ಮಾಡುವುದನ್ನು ಅವನು ತಾನಾಗಿ ಕಲಿತ. ಮುಟ್ಟಬೇಡವೆಂದು ಮೊದಲು ತಡೆದವರೇ ಮುಂದೆ ಶಾಲೆಯ ವಾದ್ಯಗಳನ್ನು ಅವನಿಗೆ ಒಪ್ಪಿಸಿದರು. ಶಾಲೆಯಿಂದ ಹೊರಬಂದು ಪ್ಯಾರಿಸ್ಸಿನಲ್ಲಿ ಅವನು ಆ ಕಸುಬಿನಿಂದಲೇ ಹೆಸರಾದ. 1836ರಲ್ಲಿ ಪಿಯಾನೊ ಶ್ರುತಿ ಮಾಡುವುದರ ಕುರಿತು ಪುಸ್ತಕ ಬರೆದ. ಮುಂದೆ ಸುಮಾರು ನೂರು ವರ್ಷ ಯುರೋಪು, ಅಮೆರಿಕಗಳಲ್ಲಿ ಸಾವಿರಾರು ಅಂಧರು ಈ ಕಸುಬಿನಲ್ಲಿ ಬದುಕಿದರು. ಮಧ್ಯಮ ವರ್ಗದ ಮನೆಗಳಿಗೆ ಪಿಯಾನೊ ಬರತೊಡಗಿದ್ದ ಕಾಲ ಅದು. ಶ್ರುತಿ ಮಾಡುವವರು ಬೇಕಾಗಿದ್ದರು. ಕಲಿತ ವಿದ್ಯೆ, ಪೇಟೆಯ ಬೇಡಿಕೆ ಎರಡೂ ಒಂದೇ ಕಡೆ ಸಂಧಿಸಿದ್ದವು.

ಎಲ್ಲ ಕಡೆ ಹಾಗಾಗಲಿಲ್ಲ. ಅಮೆರಿಕದ ಬಾಸ್ಟನ್ನಿನಲ್ಲಿ ಸ್ಯಾಮ್ಯುಯೆಲ್ ಹೋವ್ 1832ರಲ್ಲಿ ಅಂಧ ಶಾಲೆ ನಡೆಸತೊಡಗಿದಾಗ, ಕಲಿತ ಹುಡುಗರು ತಾವಾಗಿ ದುಡಿದು ಬದುಕುತ್ತಾರೆಂಬ ಭರವಸೆ ಅವನಿಗಿತ್ತು. ಕೆಲವೇ ವರ್ಷಗಳಲ್ಲಿ ಕಲಿತವರಿಗೆ ಹೊರಗೆ ಕೆಲಸ ಸಿಗುವುದು ಕಷ್ಟವೆಂದು ತಿಳಿಯಿತು. 1840ರಲ್ಲಿ ಶಾಲೆ ಅವರಿಗಾಗಿ ಪ್ರತ್ಯೇಕ ಕಾರ್ಯಾಗಾರ ತೆರೆಯಬೇಕಾಯಿತು. ಹಾಸಿಗೆ, ಬ್ರಷ್, ಚಾಪೆ, ಬುಟ್ಟಿ, ಬೆತ್ತದ ಕುರ್ಚಿ ಮಾಡುವ ಇಂಥ ಕಾರ್ಯಾಗಾರಗಳು ಮುಂದೆ ದೇಶದೇಶಗಳಲ್ಲಿ ಹುಟ್ಟಿಕೊಂಡವು. ಅವು ಅನ್ನ ಕೊಟ್ಟವು, ನಿಜ. ಆದರೆ ಶಾಲೆಯ ಒಂದು ಬಾಗಿಲಿನಿಂದ ಹೊರಟವನು ಅದರ ಪಕ್ಕದ ಬಾಗಿಲಿನಿಂದ ಮತ್ತೆ ಒಳಗೆ ಬಂದಂತಾಯಿತು. ಊರಿನ ಮಾರುಕಟ್ಟೆ ಅವನನ್ನು ನೋಡಲೇ ಇಲ್ಲ.

ಭಾರತಕ್ಕೆ ಬಂದ ಬೆತ್ತದ ಕುರ್ಚಿ

ನಮ್ಮ ದೇಶಕ್ಕೆ ಅಂಧ ಶಾಲೆ ಮಿಶನರಿಗಳೊಡನೆ ಬಂತು. 1887ರಲ್ಲಿ ಆನಿ ಶಾರ್ಪ್ ಎಂಬ ಮಹಿಳೆ ಅಮೃತಸರದಲ್ಲಿ ಮೊದಲ ಶಾಲೆ ತೆರೆದರು. 1890ರಲ್ಲಿ ಪಾಳಯಂಕೋಟೆಯಲ್ಲಿ ಇನ್ನೊಂದು, 1897ರಲ್ಲಿ ಕಲ್ಕತ್ತೆಯಲ್ಲಿ ಲಾಲ್ ಬಿಹಾರಿ ಶಾ ಅವರ ಶಾಲೆ ಶುರುವಾದವು. ಮೈಸೂರಿನಲ್ಲಿ 1901ರಲ್ಲಿ ಎಂ. ಶ್ರೀನಿವಾಸರಾಯರು ಕಿವುಡ ಮತ್ತು ಅಂಧ ಮಕ್ಕಳಿಗಾಗಿ ಶಾಲೆ ಸ್ಥಾಪಿಸಿದರು. ಹೊಸ ಶತಮಾನ ಕಾಲಿಡುವ ಹೊತ್ತಿಗೇ ಒಂದು ದೇಶೀ ಸಂಸ್ಥಾನದಲ್ಲಿ ಇಂಥ ಶಾಲೆ ಇತ್ತೆಂಬುದು ಕನ್ನಡಿಗರು ಹೆಮ್ಮೆಪಡಬೇಕಾದ ಸಂಗತಿ.

ಯುರೋಪಿನ ಶಾಲೆಗಳೊಡನೆ ಅಲ್ಲಿಯ ಕಸುಬುಗಳೂ ಬಂದವು. ಪಿಯಾನೊ ಇಲ್ಲದ ದೇಶದಲ್ಲಿ ಉಳಿದದ್ದು ಬೆತ್ತ, ಚಾಪೆ ಮತ್ತು ಸಂಗೀತ. ಓದಿಗೂ ತೊಡಕಿತ್ತು. ಒಂದೊಂದು ಪ್ರಾಂತ್ಯದಲ್ಲಿ ಒಂದೊಂದು ಬಗೆಯ ಬ್ರೈಲ್ ಲಿಪಿ ಬಳಕೆಯಲ್ಲಿದ್ದು, ಒಂದು ಶಾಲೆಯ ಪುಸ್ತಕ ಇನ್ನೊಂದಕ್ಕೆ ಉಪಯೋಗವಾಗುತ್ತಿರಲಿಲ್ಲ. ಎಲ್ಲ ಭಾಷೆಗಳಿಗೂ ಹೊಂದುವ ಭಾರತೀ ಬ್ರೈಲ್ 1951ರಲ್ಲಿ ಜಾರಿಗೆ ಬಂತು. ಆಗ ಶಿಕ್ಷಣ ಸಚಿವರಾಗಿದ್ದವರು ಮೌಲಾನಾ ಅಬುಲ್ ಕಲಾಂ ಆಜಾದ್. ಆ ಸಚಿವಾಲಯದಲ್ಲಿದ್ದು ಈ ಕೆಲಸಕ್ಕೆ ದುಡಿದವರಲ್ಲಿ ಸಿಂಧ್ ಮೂಲದ, ಸ್ವತಃ ಅಂಧರಾಗಿದ್ದ ಲಾಲ್ ಅಡ್ವಾಣಿ (1923–2005) ಪ್ರಮುಖರು.

ಗದಗಿನ ಪಾಠ

ಶಾಲೆ ಮತ್ತು ದುಡಿಮೆ ಒಂದಕ್ಕೊಂದು ಹೊಸೆದುಕೊಂಡಿದ್ದಕ್ಕೆ ನಮ್ಮ ನಾಡಿನಲ್ಲೇ ಒಂದು ದೊಡ್ಡ ಉದಾಹರಣೆಯಿದೆ. ಈಗಿನ ಹಾವೇರಿ ಜಿಲ್ಲೆಯ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ ಪಂಚಾಕ್ಷರಿ ಹುಟ್ಟಿನಿಂದಲೇ ಅಂಧರು. ಹಾನಗಲ್ ಕುಮಾರಸ್ವಾಮಿಗಳು ಅವರನ್ನು ಕರೆತಂದು ಸಂಗೀತ ಕಲಿಸಿದರು. ಕರ್ನಾಟಕ ಸಂಗೀತವಾದ ಮೇಲೆ ಹಿಂದೂಸ್ತಾನಿ ಕಲಿಸಬೇಕೆಂದಾಗ ಗುರುವಾಗಿ ಬಂದವರು ಕಿರಾನಾ ಘರಾಣೆಯ ಉಸ್ತಾದ್ ಅಬ್ದುಲ್ ವಹೀದ್ ಖಾನ್. ಕಿವಿ ಮಂದವಾಗಿದ್ದುದರಿಂದ ಸಂಗೀತ ಲೋಕ ಅವರನ್ನು ‘ಬೆಹರೇ ವಹೀದ್ ಖಾನ್’ ಎಂದು ಕರೆಯುತ್ತಿತ್ತು. ಕಿವಿ ಮಂದವಾದ ಉಸ್ತಾದರು ಕಣ್ಣಿಲ್ಲದ ಶಿಷ್ಯನಿಗೆ ರಾಗ ಕಲಿಸಿದರು. ಒಬ್ಬ ವೀರಶೈವ ಸ್ವಾಮಿ ಅದಕ್ಕೆ ಆಸರೆಯಾಗಿ ನಿಂತರು. ಈ ಮೂವರನ್ನು ಒಟ್ಟಿಗೆ ನೆನೆದರೆ ಆ ಕಾಲದ ಕನ್ನಡ ನಾಡು ಎಷ್ಟು ವಿಶಾಲವಾಗಿತ್ತೆಂಬುದು ತಿಳಿಯುತ್ತದೆ.

ಪಂಚಾಕ್ಷರ ಗವಾಯಿಗಳು (1892–1944) ಕಟ್ಟಿದ ಗದಗಿನ ವೀರೇಶ್ವರ ಪುಣ್ಯಾಶ್ರಮ ಅಂಧ ಮಕ್ಕಳಿಗೂ ಬಡ ಮಕ್ಕಳಿಗೂ ಅನ್ನವಿಟ್ಟು ಸಂಗೀತ ಕಲಿಸಿತು. ಅವರ ಶಿಷ್ಯ, ಎಳವೆಯಲ್ಲೇ ದೃಷ್ಟಿ ಕಳೆದುಕೊಂಡ ಪುಟ್ಟರಾಜ ಗವಾಯಿಗಳು (1914–2010) ಅದನ್ನು ಮುನ್ನಡೆಸಿದರು. ಆಶ್ರಮವೇ ನಾಟಕ ಕಂಪನಿ ನಡೆಸಿತು. ಅದರ ಗಲ್ಲಾಪೆಟ್ಟಿಗೆಯ ಹಣ ಮಕ್ಕಳ ಊಟಕ್ಕಾಯಿತು, ಕಲಿತವರಿಗೆ ಹಾರ್ಮೋನಿಯಂ, ತಬಲಾ ಹಿಡಿದು ಕೂರುವ ಜಾಗವೂ ಆಯಿತು. ಹೊರಗೆ ಉತ್ತರ ಕರ್ನಾಟಕದ ತುಂಬ ನಾಟಕ ಕಂಪನಿಗಳಿದ್ದವು. ಮಠಗಳಲ್ಲಿ ಪುರಾಣ, ಕೀರ್ತನೆಗಳಿದ್ದವು. ಮಕ್ಕಳಿಗೆ ಸಂಗೀತ ಹೇಳಿಕೊಡುವವರು ಊರೂರಿಗೂ ಬೇಕಿದ್ದರು. ಗದಗಿನಲ್ಲಿ ಕಲಿತ ಹುಡುಗನಿಗೆ ತಾನು ಎಲ್ಲಿಗೆ ಹೋಗುತ್ತೇನೆಂಬುದು ಕಲಿಯುವಾಗಲೇ ಗೊತ್ತಿತ್ತು. ಆಶ್ರಮದ ಯಶಸ್ಸಿನಲ್ಲಿ ಭಕ್ತಿಯ ಪಾಲಿರುವಷ್ಟೇ ಈ ಗೊತ್ತಿನ ಪಾಲೂ ಇದೆ ಎಂದು ನಮಗನಿಸುತ್ತದೆ.

ಆದರೆ ಎಲ್ಲ ಅಂಧ ಮಕ್ಕಳಿಗೂ ಕಂಠವಿರುವುದಿಲ್ಲ, ಲಯ ಹಿಡಿಯುವುದಿಲ್ಲ. ಸಿನಿಮಾ ಬೆಳೆದಂತೆ ನಾಟಕ ಕಂಪನಿಗಳೂ ಒಂದೊಂದಾಗಿ ಸೊರಗಿದವು. ಒಂದೇ ಕಸುಬಿಗೆ ಕಟ್ಟಿಹಾಕಿದ ಬದುಕು ಆ ಕಸುಬಿನ ಆಯುಷ್ಯವನ್ನು ಮೀರಿ ಹೋಗಲಾರದು.

ಯುದ್ಧ ಕಲಿಸಿದ್ದು

ಅಂಧರು ಬೇರೆ ಕೆಲಸಗಳನ್ನೂ ಮಾಡಬಲ್ಲರೆಂದು ಜಗತ್ತಿಗೆ ತೋರಿಸಿದ್ದು ದುರದೃಷ್ಟವಶಾತ್ ಯುದ್ಧ. ಮೊದಲ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರಿಗಾಗಿ, ಪತ್ರಿಕೋದ್ಯಮಿಯಾಗಿದ್ದು ತಾನೂ ದೃಷ್ಟಿ ಕಳೆದುಕೊಂಡಿದ್ದ ಆರ್ಥರ್ ಪಿಯರ್ಸನ್ 1915ರಲ್ಲಿ ಲಂಡನ್ನಿನಲ್ಲಿ ಸೇಂಟ್ ಡನ್‌ಸ್ಟನ್ಸ್ ಎಂಬ ಸಂಸ್ಥೆ ತೆರೆದ. ಇಲ್ಲಿಗೆ ಬಂದವರು ನಿನ್ನೆಯವರೆಗೆ ಕಣ್ಣಿದ್ದವರು, ದುಡಿದು ಬದುಕಿದ್ದವರು. ಬುಟ್ಟಿ ಹೆಣೆಯುತ್ತ ಕೂರಲು ಅವರೆಲ್ಲರೂ ಒಪ್ಪುವಂತಿರಲಿಲ್ಲ. ಅಂಗಮರ್ದನ, ಟೆಲಿಫೋನ್, ಟೈಪಿಂಗ್ ಮತ್ತು ಶೀಘ್ರಲಿಪಿ, ಕೋಳಿ ಸಾಕಣೆ ಮುಂತಾಗಿ ಬಗೆಬಗೆಯ ತರಬೇತಿ ಕೊಟ್ಟರು. ಅದಕ್ಕಿಂತ ಮುಖ್ಯವಾದ ಇನ್ನೊಂದು ಕೆಲಸ ಮಾಡಿದರು. ತರಬೇತಿ ಮುಗಿಸಿ ಊರಿಗೆ ಹೋದವನನ್ನು ಅಷ್ಟಕ್ಕೇ ಬಿಡಲಿಲ್ಲ. ಸಂಸ್ಥೆಯ ಜನ ಅವನ ಮನೆಗೆ ಹೋಗಿ, ಕೆಲಸ ಹೇಗೆ ನಡೆದಿದೆಯೆಂದು ನೋಡಿ, ಕಚ್ಚಾ ಸಾಮಾನು ಒದಗಿಸಿ, ಮಾರಾಟಕ್ಕೂ ನೆರವಾಗುತ್ತಿದ್ದರು.

ಎರಡನೆಯ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ಭಾರತೀಯ ಸಿಪಾಯಿಗಳಿಗಾಗಿ ಇದೇ ಸಂಸ್ಥೆಯ ಶಾಖೆ 1943ರಲ್ಲಿ ಡೆಹ್ರಾಡೂನಿನಲ್ಲಿ ಆರಂಭವಾಯಿತು. ನಡೆಸಿದವರು ನ್ಯೂಜಿಲೆಂಡಿನ ಸರ್ ಕ್ಲೂಥಾ ಮೆಕೆಂಜಿ. 1915ರಲ್ಲಿ ಗಲ್ಲಿಪೊಲಿಯಲ್ಲಿ ಕಣ್ಣು ಕಳೆದುಕೊಂಡ ಸೈನಿಕ. ಸ್ವಾತಂತ್ರ್ಯದ ನಂತರ 1950ರಲ್ಲಿ ಕೇಂದ್ರ ಶಿಕ್ಷಣ ಸಚಿವಾಲಯ ಅದನ್ನು ವಹಿಸಿಕೊಂಡು ವಯಸ್ಕ ಅಂಧರ ತರಬೇತಿ ಕೇಂದ್ರವಾಗಿ ಮಾರ್ಪಡಿಸಿತು. 1952ರಲ್ಲಿ ಮುಂಬಯಿಯಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಅಂಧರ ಸಂಘ ಅಂಧರನ್ನು ಸಾಮಾನ್ಯ ಕಾರ್ಖಾನೆಗಳಲ್ಲಿ ಕೆಲಸಕ್ಕೆ ಸೇರಿಸಲು ಶ್ರಮಿಸಿತು. ಬಹುಪಾಲು ಅಂಧರು ಹಳ್ಳಿಯವರೆಂಬುದನ್ನು ಮನಗಂಡು 1960ರಲ್ಲಿ ಗುಜರಾತಿನ ಫಣಸಾದಲ್ಲಿ ಬೇಸಾಯ ಕಲಿಸುವ ಕೇಂದ್ರವನ್ನೂ ತೆರೆಯಿತು. ನಮ್ಮ ಬೆಂಗಳೂರಿನಲ್ಲಿ 1959ರಲ್ಲಿ, ಪೋಲಿಯೊಗೆ ತುತ್ತಾಗಿದ್ದ ಎನ್.ಎಸ್. ಹೇಮಾ ಅವರು ಅಂಗವಿಕಲರ ಸಂಸ್ಥೆಯೊಂದನ್ನು ಕಟ್ಟಿದರು. ಅದು ಶಾಲೆಯ ಜೊತೆಗೆ ಕೈಗಾರಿಕಾ ತರಬೇತಿಯನ್ನೂ ಮುಂದೆ ತೋಟಗಾರಿಕೆಯನ್ನೂ ಕಲಿಸಿತು.

ಲಾಠಿಯಿಂದ ಕಾನೂನಿಗೆ

ಸರ್ಕಾರವೂ ಹೆಜ್ಜೆ ಇಟ್ಟಿತು. 1959ರಲ್ಲಿ ಮುಂಬಯಿಯಲ್ಲಿ ಅಂಗವಿಕಲರಿಗೆಂದೇ ಉದ್ಯೋಗ ವಿನಿಮಯ ಕೇಂದ್ರ ಆರಂಭವಾಯಿತು. 1977ರಲ್ಲಿ ಕೇಂದ್ರ ಸರ್ಕಾರದ ಸಿ ಮತ್ತು ಡಿ ದರ್ಜೆಯ ಹುದ್ದೆಗಳಲ್ಲಿ ಶೇ. 3 ಮೀಸಲಾತಿ ಬಂತು. ಅಂಧರಿಗೆ 1, ಕಿವುಡರಿಗೆ 1, ದೈಹಿಕ ಊನವುಳ್ಳವರಿಗೆ 1. ಕಾಗದದ ಮೇಲೆ ಬಂದದ್ದು ಕಚೇರಿಗೆ ಬರಲಿಲ್ಲ. ಓದಿದ ಅಂಧ ಯುವಕರು ತಾವೇ ಸಂಘಟಿತರಾಗಿ ಬೀದಿಗಿಳಿದರು. 1980ರ ಮಾರ್ಚ್ 16ರಂದು ಉದ್ಯೋಗ ಕೇಳುತ್ತ ದೆಹಲಿಯಲ್ಲಿ ಮೆರವಣಿಗೆ ಹೊರಟ ಅಂಧರ ಮೇಲೆ ಪೊಲೀಸರು ಲಾಠಿ ಬೀಸಿದರು. ಯಾವ ದಿಕ್ಕಿನಿಂದ ಏಟು ಬೀಳುತ್ತದೆಂದು ಕಾಣದವರ ಮೇಲೆ ಬಿದ್ದ ಆ ಏಟುಗಳು ದೇಶವನ್ನು ಒಂದಿಷ್ಟಾದರೂ ನಾಚಿಸಿದವು. ಬೇಡುವವರೆಂದು ತಿಳಿದಿದ್ದವರು ಹಕ್ಕು ಕೇಳತೊಡಗಿದ್ದಾರೆಂಬುದು ಅಂದು ಎಲ್ಲರಿಗೂ ಗೊತ್ತಾಯಿತು.

1993ರಲ್ಲಿ ಸುಪ್ರೀಂ ಕೋರ್ಟು, ಅಂಧರು ಬ್ರೈಲ್‌ನಲ್ಲಿ ಅಥವಾ ಬರಹಗಾರರ ನೆರವಿನಿಂದ ನಾಗರಿಕ ಸೇವಾ ಪರೀಕ್ಷೆ ಬರೆಯಬಹುದೆಂದು ತೀರ್ಪಿತ್ತಿತು. 1995ರಲ್ಲಿ ಅಂಗವಿಕಲರ ಕಾಯಿದೆ ಬಂತು. 2013ರಲ್ಲಿ ಅದೇ ನ್ಯಾಯಾಲಯ, ಶೇ. 3ನ್ನು ಗುರುತಿಸಿದ ಕೆಲವು ಹುದ್ದೆಗಳಿಗೆ ಸೀಮಿತಗೊಳಿಸದೆ ಒಟ್ಟು ಖಾಲಿ ಹುದ್ದೆಗಳ ಮೇಲೆ ಲೆಕ್ಕ ಹಾಕಬೇಕೆಂದು ಹೇಳಿತು. 2016ರ ಹೊಸ ಕಾಯಿದೆ 21 ಬಗೆಯ ವೈಕಲ್ಯಗಳನ್ನು ಗುರುತಿಸಿ, ಸರ್ಕಾರಿ ಹುದ್ದೆಗಳಲ್ಲಿ ಮೀಸಲಾತಿಯನ್ನು ಶೇ. 4ಕ್ಕೆ ಏರಿಸಿತು. 2025ರ ಮಾರ್ಚ್ 3ರಂದು ಸುಪ್ರೀಂ ಕೋರ್ಟು, ದೃಷ್ಟಿಯಿಲ್ಲವೆಂಬ ಕಾರಣಕ್ಕೆ ಯಾರನ್ನೂ ನ್ಯಾಯಾಂಗ ಸೇವೆಯಿಂದ ಹೊರಗಿಡಕೂಡದೆಂದು ತೀರ್ಪು ಕೊಟ್ಟಿತು. ಇಷ್ಟು ದಾರಿ ಸವೆಸಲು ಸುಮಾರು ನಲವತ್ತೆಂಟು ವರ್ಷ ಬೇಕಾಯಿತು.

ಸತ್ತ ಕಸುಬುಗಳು

ಈ ನಡುವೆ ಇನ್ನೊಂದು ಕತೆ ಸದ್ದಿಲ್ಲದೆ ನಡೆಯುತ್ತಿತ್ತು. ಸರ್ಕಾರಿ ಕಚೇರಿಗಳಲ್ಲಿ ಬೆತ್ತದ ಕುರ್ಚಿಗಳಿದ್ದಷ್ಟು ಕಾಲ ಅವನ್ನು ಹೆಣೆಯುವ ಅಂಧನಿಗೆ ಜಾಗವಿತ್ತು. ಪ್ಲಾಸ್ಟಿಕ್ ಮತ್ತು ಸ್ಪಂಜಿನ ಕುರ್ಚಿಗಳು ಬಂದವು, ಆ ಕೆಲಸ ಹೋಯಿತು. ಟೆಲಿಫೋನ್ ಆಪರೇಟರನ ಕೆಲಸಕ್ಕೆ ಅಂಧರು ಹೇಳಿಮಾಡಿಸಿದವರೆಂದರು. ತಾನಾಗಿ ಕರೆ ತಿರುಗಿಸುವ ಯಂತ್ರಗಳು ಬಂದ ಮೇಲೆ ಅದೂ ಹೋಯಿತು. 1980ರ ದಶಕದ ಕೊನೆಗೆ ಎಸ್‌ಟಿಡಿ ಬೂತುಗಳು ಬಂದಾಗ ಅಂಗವಿಕಲರಿಗೆ ಆದ್ಯತೆ ಸಿಕ್ಕಿತು. ಬಸ್ ನಿಲ್ದಾಣದ ಮೂಲೆಯಲ್ಲಿ, ಆಸ್ಪತ್ರೆಯ ಎದುರಿಗೆ, ಹಳದಿ ಬೋರ್ಡಿನ ಆ ಗೂಡಿನೊಳಗೆ ಕುಳಿತು ಸಂಸಾರ ನಡೆಸಿದವರನ್ನು ನಾವೆಲ್ಲರೂ ಕಂಡಿದ್ದೇವೆ. ಮೊಬೈಲು ಬಂದು ಹತ್ತು ವರ್ಷದೊಳಗೆ ಆ ಗೂಡುಗಳು ಖಾಲಿಯಾದವು. ಬೂತಿನ ಗಾಜು ಒರೆಸಿಟ್ಟುಕೊಂಡು ಕುಳಿತಿದ್ದವನಿಗೆ ಮುಂದೇನು ಎಂದು ಯಾರೂ ಯೋಚಿಸಿರಲಿಲ್ಲ.

ಹಾಫಿಜ್, ಗವಾಯಿ, ಬೆತ್ತ ಹೆಣೆಯುವವನು, ಆಪರೇಟರ್, ಬೂತಿನವನು. ಪ್ರತಿಯೊಂದು ಕಾಲವೂ ಅಂಗವಿಕಲನಿಗೆ ಒಂದು ಕೆಲಸವನ್ನು ತೋರಿಸಿ, ತನ್ನ ಕರ್ತವ್ಯ ಮುಗಿಯಿತೆಂದು ಕೈತೊಳೆದುಕೊಂಡಿದೆ. ಆ ಕೆಲಸ ಯಾವುದರಲ್ಲೂ ಅವಮಾನವಿಲ್ಲ. ಕುರ್‌ಆನನ್ನು ಎದೆಯಲ್ಲಿಟ್ಟುಕೊಂಡವನಿಗಿಂತ ಭಾಗ್ಯವಂತ ಯಾರು? ಆದರೆ ಅದು ಅವನು ಆರಿಸಿಕೊಂಡದ್ದಾಗಿರಬೇಕು. ಕಣ್ಣಿರುವ ನಮ್ಮ ಮಕ್ಕಳಿಗೆ ಹತ್ತು ದಾರಿಗಳಲ್ಲಿ ಒಂದನ್ನು ಆರಿಸಲು ಬಿಟ್ಟು, ಕಣ್ಣಿಲ್ಲದ ಮಗುವಿಗೆ ಇರುವುದು ಒಂದೇ ದಾರಿ ಎನ್ನುವುದು ನ್ಯಾಯವಲ್ಲ.

ಇಂದು ಗಣಕಯಂತ್ರ ಇನ್ನೊಂದು ಬಾಗಿಲು ತೆರೆದಿದೆ. ತೆರೆಯ ಮೇಲಿನ ಅಕ್ಷರಗಳನ್ನು ಓದಿ ಹೇಳುವ ತಂತ್ರಾಂಶಗಳು 1990ರ ದಶಕದಲ್ಲಿ ಬಳಕೆಗೆ ಬಂದರೂ ಬೆಲೆ ದುಬಾರಿಯಾಗಿತ್ತು. 2006ರಲ್ಲಿ ಆಸ್ಟ್ರೇಲಿಯದ ಅಂಧ ಯುವಕ ಮೈಕೆಲ್ ಕರನ್ ‘ಎನ್‌ವಿಡಿಎ’ ಎಂಬ ತಂತ್ರಾಂಶವನ್ನು ಆರಂಭಿಸಿ ಎಲ್ಲರಿಗೂ ಉಚಿತವಾಗಿ ಕೊಟ್ಟ. ಅದೀಗ ಕನ್ನಡವನ್ನೂ ಓದುತ್ತದೆ. ಬೆಂಗಳೂರಿನಲ್ಲಿ 1997ರಲ್ಲಿ ಅಂಧ ಗೆಳೆಯರು ಸೇರಿ ಕಟ್ಟಿದ ಸಮರ್ಥನಂ, 1999ರಲ್ಲಿ ಶಾಂತಿ ರಾಘವನ್ ಆರಂಭಿಸಿದ ಎನೇಬಲ್ ಇಂಡಿಯಾ ಮುಂತಾದ ಸಂಸ್ಥೆಗಳು ಯುವಕ ಯುವತಿಯರಿಗೆ ತರಬೇತಿ ಕೊಟ್ಟು ಕಂಪನಿಗಳವರೆಗೆ ತಲುಪಿಸುತ್ತಿವೆ. ತಂಗಾಳಿಯಂಥ ಬೆಳವಣಿಗೆ ಇದು. ಆದರೆ ‘ಅಂಧನೆಂದರೆ ಕಂಪ್ಯೂಟರು’ ಎಂಬ ಹೊಸ ಹಣೆಪಟ್ಟಿ ಅಂಟಿಸಿ ನಾವು ಮತ್ತೆ ನಿದ್ದೆಹೋಗದಂತೆ ಎಚ್ಚರವಹಿಸಬೇಕು.

ನಡುವಣ ಸೇತುವೆ

2011ರ ಜನಗಣತಿಯ ಪ್ರಕಾರ ಭಾರತದಲ್ಲಿ 2.68 ಕೋಟಿ ಅಂಗವಿಕಲರಿದ್ದರು, ಕರ್ನಾಟಕದಲ್ಲಿ 13.24 ಲಕ್ಷ. ದೇಶದ ಅಂಗವಿಕಲರಲ್ಲಿ ಅಕ್ಷರ ಬಲ್ಲವರು ಸುಮಾರು ಶೇ. 55. ದುಡಿಮೆಯಲ್ಲಿರುವವರು ಶೇ. 36. ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ, ಅಕ್ಷರ ದೊರೆತಲ್ಲೆಲ್ಲ ದುಡಿಮೆ ದೊರೆತಿಲ್ಲವೆಂಬುದು ಸ್ಪಷ್ಟವಾಗುತ್ತದೆ.

ಶಾಲೆ ಮತ್ತು ಕೆಲಸದ ನಡುವಣ ಅಂತರ ದಾಟಲು ಏನು ಬೇಕೆಂದು ಮೇಲಿನ ಚರಿತ್ರೆಯೇ ಹೇಳುತ್ತದೆ. ಗದಗು ಹೇಳುವುದು: ಕಲಿಯುವಾಗಲೇ ಕೆಲಸದ ಪರಿಚಯವಿರಬೇಕು. ಸೇಂಟ್ ಡನ್‌ಸ್ಟನ್ಸ್ ಹೇಳುವುದು: ಕೆಲಸಕ್ಕೆ ಸೇರಿದ ಮೇಲೂ ಕೆಲಕಾಲ ಜೊತೆಗಿರಬೇಕು. ಹಾವುಯಿಯ ಮೊದಲ ಶಿಷ್ಯ ಹೇಳುವುದು: ಕಲಿಯುವ ಹೊತ್ತಿನಲ್ಲಿ ಮನೆಯ ಹೊಟ್ಟೆಪಾಡನ್ನೂ ಲೆಕ್ಕಕ್ಕೆ ಹಿಡಿಯಬೇಕು. 1990ರ ಅಮೆರಿಕದ ಶಿಕ್ಷಣ ಕಾಯಿದೆ ಇದನ್ನೇ ನಿಯಮವಾಗಿಸಿತು. ಅಂಗವಿಕಲ ವಿದ್ಯಾರ್ಥಿಗೆ 16 ತುಂಬುವುದರೊಳಗೆ, ಶಾಲೆ ಮುಗಿದ ಮೇಲೆ ಅವನು ಯಾವ ಕೆಲಸಕ್ಕೆ, ಯಾವ ಓದಿಗೆ ಹೋಗಬೇಕೆಂಬ ಯೋಜನೆಯನ್ನು ಶಾಲೆಯೇ ಬರೆದಿಡಬೇಕು. ನಮ್ಮಲ್ಲಿ ಹತ್ತನೆಯ ತರಗತಿಯ ಅಂಕಪಟ್ಟಿ ಕೈಗೆ ಕೊಟ್ಟು ಶುಭವಾಗಲಿ ಎಂದು ಕಳಿಸುತ್ತೇವೆ. ಆ ಹುಡುಗ ಬಸ್ಸು ಹತ್ತಿ ಒಂಟಿಯಾಗಿ ಪೇಟೆಗೆ ಹೋಗಿಬರಬಲ್ಲನೇ, ಹಣದ ವ್ಯವಹಾರ ತಿಳಿದಿದೆಯೇ, ಒಂದು ಅಂಗಡಿಯನ್ನೋ ಕಚೇರಿಯನ್ನೋ ಒಳಹೊಕ್ಕು ಕಂಡಿದ್ದಾನೆಯೇ ಎಂದು ಕೇಳುವವರಿಲ್ಲ.

ಹುಡುಗಿಯಾದರೆ ಕಷ್ಟ ಇಮ್ಮಡಿ. ಕಣ್ಣಿಲ್ಲದ ಮಗಳನ್ನು ಒಂಟಿಯಾಗಿ ಹೇಗೆ ಕಳಿಸುವುದೆಂಬ ತಾಯಿತಂದೆಯರ ಭಯ ಸುಳ್ಳಲ್ಲ. ಆದರೆ ಆ ಭಯದ ಬೆಲೆಯನ್ನು ತೆರುವವಳು ಮಗಳು. ತಂದೆತಾಯಿ ಕಣ್ಣುಮುಚ್ಚಿದ ಮೇಲೆ ಅಣ್ಣ ಅತ್ತಿಗೆಯರ ಮನೆಯ ಮೂಲೆಯಲ್ಲಿ ಅವಳ ಬದುಕು ಕಳೆಯುತ್ತದೆ. ಜೊತೆಗೆ ಹೋಗಿಬರುವ ಒಬ್ಬ ಗೆಳತಿ, ಹತ್ತಿರದ ಹಾಸ್ಟೆಲು, ನಂಬಿಕೆಯ ಒಂದು ಕೆಲಸದ ಜಾಗ ಇದ್ದರೆ ಎಷ್ಟೋ ಮನೆಗಳು ಒಪ್ಪುತ್ತವೆ.

ಇನ್ನು ನಮ್ಮ ಸಮುದಾಯದ ಮಾತು. ರಮಜಾನ್ ತಿಂಗಳಲ್ಲಿ ನಮ್ಮ ಜನ ಕೈಬಿಚ್ಚಿ ಕೊಡುತ್ತಾರೆ. ದರ್ಗಾಗಳ ಮೆಟ್ಟಿಲ ಮೇಲೆ, ಶುಕ್ರವಾರ ಮಸೀದಿಯ ಬಾಗಿಲಲ್ಲಿ ಕುಳಿತ ಅಂಗವಿಕಲರ ತಟ್ಟೆಗೆ ನಾಣ್ಯ ಹಾಕದೆ ಮುಂದೆ ಹೋಗುವವರು ಕಡಿಮೆ. ಪ್ರವಾದಿ(ಸ)ಯವರ ಬಳಿಗೆ ಒಬ್ಬ ಅನ್ಸಾರಿ ಬೇಡಲು ಬಂದಾಗ ಅವರೇನು ಮಾಡಿದರೆಂಬುದನ್ನು ಹದೀಸ್ ಸಂಗ್ರಹಗಳು ಹೇಳುತ್ತವೆ. ಅವನ ಮನೆಯಲ್ಲಿದ್ದ ಬಟ್ಟೆ, ಬಟ್ಟಲನ್ನು ಹರಾಜು ಹಾಕಿಸಿ ಎರಡು ದಿರ್ಹಂ ತಂದರು. ಒಂದರಿಂದ ಮನೆಗೆ ಆಹಾರ, ಇನ್ನೊಂದರಿಂದ ಕೊಡಲಿ ಕೊಳ್ಳಲು ಹೇಳಿದರು. ಕೊಡಲಿಗೆ ಹಿಡಿಯನ್ನು ತಮ್ಮ ಕೈಯಿಂದಲೇ ಹಾಕಿಕೊಟ್ಟರು. ಸೌದೆ ಕಡಿದು ಮಾರು, ಹದಿನೈದು ದಿನ ಬಿಟ್ಟು ಬಾ ಎಂದರು. ಹಸಿವಿಗೆ ಪರಿಹಾರ, ದುಡಿಯಲು ಉಪಕರಣ, ಮತ್ತೆ ಬಂದು ತಿಳಿಸಲು ಒಂದು ಗಡುವು. ಶಾಲೆಯಿಂದ ದುಡಿಮೆಗೆ ಕಟ್ಟಬೇಕಾದ ಸೇತುವೆಯ ನಕ್ಷೆ ಇದರಲ್ಲೇ ಇದೆ.

ಇಂದಿನ ಕೊಡಲಿ ಬೇರೆ ಬೇರೆ. ಒಬ್ಬನಿಗೆ ಮಾತಾಡುವ ಲ್ಯಾಪ್‌ಟಾಪು, ಇನ್ನೊಬ್ಬನಿಗೆ ಮೂರು ಚಕ್ರದ ಸ್ಕೂಟರು, ಮತ್ತೊಬ್ಬಳಿಗೆ ಹೊಲಿಗೆ ಯಂತ್ರ, ಮಗದೊಬ್ಬನಿಗೆ ಎರಡು ವರ್ಷದ ಹಾಸ್ಟೆಲ್ ಖರ್ಚು. ಪ್ರತಿ ಜಮಾಅತ್ತಿನ ಲೆಕ್ಕದ ಪುಸ್ತಕದಲ್ಲಿ ಜಕಾತಿನ ಒಂದು ಪಾಲನ್ನು ಇದಕ್ಕೆ ಬರೆದಿಡಲು ಯಾವ ಸರ್ಕಾರದ ಅಪ್ಪಣೆಯೂ ಬೇಕಿಲ್ಲ. ಮಸೀದಿ ಕಮಿಟಿಯಲ್ಲಿ ಅಂಗಡಿ, ಗ್ಯಾರೇಜು, ಪ್ರೆಸ್ಸು, ಹೋಟೆಲು ನಡೆಸುವವರಿದ್ದಾರೆ. ತಮ್ಮ ಮೊಹಲ್ಲಾದ ಒಬ್ಬ ಅಂಗವಿಕಲ ಹುಡುಗನನ್ನು ಶಾಲೆಯ ಕೊನೆಯ ವರ್ಷವೇ ವಾರಕ್ಕೆರಡು ದಿನ ಕರೆದು ಕೆಲಸ ತೋರಿಸಲು ಅವರಿಗೆ ಹಣವೂ ಬೇಡ. ಆ ಹುಡುಗನನ್ನು ಕೂರಿಸಿಕೊಂಡು ನೀನೇನು ಮಾಡಬಯಸುತ್ತೀಯಪ್ಪಾ ಎಂದು ಕೇಳುವುದರಿಂದ ಇದು ಶುರುವಾಗಬೇಕು. ಅವನು ಹಾಫಿಜನಾಗುತ್ತೇನೆ ಎನ್ನಬಹುದು, ಮೆಕ್ಯಾನಿಕ್ ಆಗುತ್ತೇನೆ ಎನ್ನಬಹುದು, ನ್ಯಾಯಾಧೀಶನಾಗುತ್ತೇನೆ ಎಂದರೂ ಈಗ ಕಾನೂನು ಅವನ ಕಡೆಗಿದೆ.